ಬಜೆ ತೇಯುವ ಮುನ್ನ: ಓದುಗರ ಪ್ರಶ್ನೆ, ಉತ್ತರ

ಬಾಣಂತಿ ಆರೈಕೆ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಕೂಸುಗಳಿಗೆ ತೇಯ್ದು ನೆಕ್ಕಿಸುವ ಬಜೆ ಬೇರಿನ ವಿಷಯ. ಕೊಡಬೇಕಾ, ಬೇಡವಾ, ಎಷ್ಟು ಕೊಡಬೇಕು, ಕೊಟ್ಟ ಮೇಲೆ ಮಗು ವಾಂತಿ ಮಾಡಿಕೊಂಡಿತು ಈಗೇನು ಮಾಡಲಿ, ಹೀಗೆ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಬಜೆ ಒಂದನ್ನೇ ಎತ್ತಿಕೊಂಡಿದ್ದೇನೆ. ನಾನು ಆಯುರ್ವೇದ ಓದಿದವಳು, ದೊಡ್ಡವರಿಗೆ ಬಜೆ ಸೇರಿದ ಔಷಧಿ ಬರೆದುಕೊಡುವವಳು. ಹಳೇದನ್ನೆಲ್ಲ ಬೈಯಲು ಕೂತಿದ್ದಾಳೆ ಅಂದುಕೊಳ್ಳಬೇಡಿ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ತೆಗೆದಿದ್ದೇನೆ.

ಮಗುವಿಗೆ ಎರಡು ತಿಂಗಳು. ದಿನಾ ಎಣ್ಣೆ ನೀರು ಆದ ಮೇಲೆ ಬಜೆ, ಜಾಯಿಕಾಯಿ, ಅಳಲೆಕಾಯಿ, ಬಾದಾಮಿ ಎಲ್ಲ ತೇಯ್ದು ಎದೆಹಾಲಿನಲ್ಲಿ ಕಲಸಿ ನೆಕ್ಕಿಸಬೇಕು ಅಂತ ನಮ್ಮ ಅತ್ತೆ ಹೇಳುತ್ತಾರೆ. "ನಿನ್ನ ಗಂಡನನ್ನೂ ಹೀಗೇ ಬೆಳೆಸಿದ್ದು" ಅಂತಾರೆ. ಮಕ್ಕಳ ಡಾಕ್ಟರು ಏನೂ ಬೇಡ ಅಂದಿದ್ದಾರೆ. ಯಾರ ಮಾತು ಕೇಳಲಿ? — ಬಾಣಂತಿ, ತುಮಕೂರು

ಡಾಕ್ಟರ ಮಾತು ಕೇಳಮ್ಮ. ಆರು ತಿಂಗಳು ತುಂಬೋವರೆಗೆ ಮಗುವಿನ ಬಾಯಿಗೆ ಎದೆಹಾಲು ಬಿಟ್ಟರೆ ಬೇರೇನೂ ಬೇಡ, ನೀರೂ ಬೇಡ. ಡಾಕ್ಟರೇ ಬರೆದುಕೊಟ್ಟ ಹನಿ ಔಷಧಿ ಇದ್ದರೆ ಅದು ಬೇರೆ ಮಾತು.

ಆದರೆ "ಬೇಡ" ಅಂದಷ್ಟಕ್ಕೆ ಮನೆಯಲ್ಲಿ ಯಾರೂ ಒಪ್ಪಲ್ಲ ಅಂತ ನನಗೆ ಗೊತ್ತು. ಯಾಕೆ ಬೇಡ ಅಂತ ನಿಮ್ಮ ಅತ್ತೆಗೆ ಹೇಳಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕಲ್ವಾ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ.

ಬಜೆ ಸುಮ್ನೆ ಒಂದು ಮಸಾಲೆ ಬೇರಲ್ಲ. ಆಯುರ್ವೇದದಲ್ಲಿ ಅದನ್ನು ಬೇಕಂತಲೇ ವಾಂತಿ ಮಾಡಿಸಲು ಬಳಸುತ್ತಾರೆ. ನಮ್ಮ ದೇಶದ ಆಯುರ್ವೇದ ಔಷಧಕೋಶದಲ್ಲಿ ಬಜೆ ಪುಡಿಗೆ ಬರೆದಿರುವ ಪ್ರಮಾಣ 60ರಿಂದ 120 ಮಿಲಿಗ್ರಾಂ. ವಾಂತಿ ಮಾಡಿಸಬೇಕಾದರೆ 1ರಿಂದ 2 ಗ್ರಾಂ. ದೊಡ್ಡವರಿಗೇ ಔಷಧಿ ಅಂತ ಕೊಡುವುದು ಒಂದು ಚಿಟಿಕೆಗೂ ಕಡಿಮೆ. ಅದೂ ಹಸಿ ಬಜೆಯಲ್ಲ, ಗೋಮೂತ್ರ ಮತ್ತು ಕಷಾಯಗಳಲ್ಲಿ ಬೇಯಿಸಿ ಶೋಧನೆ, ಅಂದರೆ ಶುದ್ಧಿ, ಮಾಡಿದ ಬಜೆ. ಶೋಧನೆ ಮಾಡದೆ ಒಳಗೆ ಕೊಡಬಾರದು ಅಂತ ಹಿಂದಿನವರು ಹೇಳಿದ್ದೇ ಇದರಲ್ಲಿ ತೀಕ್ಷ್ಣತೆ ಜಾಸ್ತಿ ಅಂತ. ನಾಲ್ಕೈದು ಕಿಲೋ ತೂಗುವ ಕೂಸಿಗೆ ಎಷ್ಟು ಕೊಡ್ತೀರಿ, ಹೇಗೆ ಅಳೀತೀರಿ?

ಅಳತೆ ಅಂದರೆ ಸಾಣೆಕಲ್ಲಿನ ಮೇಲೆ ತೇಯೋ ಸುತ್ತು. "ಒಂದು ಸುತ್ತು ಬಜೆ, ಎರಡು ಸುತ್ತು ಬಾದಾಮಿ" ಅಂತಾರೆ. ಒಮ್ಮೆ ನೀವೇ ತೇಯ್ದು ನೋಡಿ. ಹೊಸ ಕಲ್ಲಿನ ಮೇಲೆ ಒತ್ತಿ ಒಂದು ಸುತ್ತು ತೇಯ್ದರೆ ದಪ್ಪಗೆ ಗಂಧದ ಥರ ಕೂರುತ್ತೆ. ನುಣುಪಾದ ಹಳೇ ಕಲ್ಲಿನ ಮೇಲೆ ಅದೇ ಬೇರನ್ನು ಅದೇ ಕೈ ತೇಯ್ದರೂ ನೀರಿಗೆ ಬಣ್ಣವೂ ಬರಲ್ಲ. ಅಜ್ಜಿಯ ಕೈ ಹಗುರ, ಚಿಕ್ಕಮ್ಮನ ಕೈ ಭಾರ. ಒಣಗಿ ವರ್ಷವಾದ ಬೇರಿನ ಖಾರವೇ ಬೇರೆ, ಈಗಷ್ಟೇ ಒಣಗಿದ್ದರ ಖಾರವೇ ಬೇರೆ. ಸುತ್ತು ಒಂದೇ ಆದರೂ ಮಗುವಿನ ಬಾಯಿಗೆ ಹೋಗುವುದು ದಿನಕ್ಕೊಂದು ಅಳತೆ.

ಜೊತೆಗೆ ಕಲ್ಲು. ಅದನ್ನು ಪ್ರತಿ ಸಲ ಕುದಿಸಿ ತೊಳೆಯೋರು ಯಾರಿದ್ದಾರೆ? ತೇಯ್ದ ಬಾದಾಮಿ, ಖರ್ಜೂರದ ಅಂಟು ಸಂದಿಯಲ್ಲಿ ಉಳಿಯುತ್ತೆ, ಒದ್ದೆ ಬೇರನ್ನು ಹಾಗೇ ಡಬ್ಬಿಗೆ ಹಾಕಿದರೆ ಬೂಸ್ಟು ಹಿಡಿಯುತ್ತೆ. ಬಜೆಗೆ ಬೈಯೋ ಎಷ್ಟೋ ಭೇದಿ ಕೇಸುಗಳಲ್ಲಿ ತಪ್ಪು ಕಲ್ಲಿನದ್ದೂ ಇರುತ್ತೆ.

"ಗಂಡನಿಗೂ ಕೊಟ್ಟಿದ್ದೆವು" ಅನ್ನೋ ಮಾತಿಗೆ ಬರ್ತೀನಿ. ನಿಜ, ಕೊಟ್ಟಿದ್ದರು, ಬಹಳ ಮಕ್ಕಳು ಏನೂ ಆಗದೆ ಬೆಳೆದರು. ಆದರೆ ಬಜೆ ನೆಕ್ಕಿಸಿದ ಮೇಲೆ ಮಗು ವಾಂತಿ ಮಾಡಿದರೆ ನಮ್ಮ ಮನೆಗಳಲ್ಲಿ ಏನಂತಾರೆ? "ಕಫ ಕಿತ್ಕೊಂಡು ಬಂತು, ಒಳ್ಳೇದಾಯ್ತು." ಮಂಕಾಗಿ ಮಲಗಿದರೆ "ಹೊಟ್ಟೆ ನೋವು ಹೋಯ್ತು, ಹಾಯಾಗಿ ನಿದ್ದೆ ಮಾಡ್ತಿದೆ." ಜ್ವರ ಬಂದರೆ "ದೃಷ್ಟಿ." ಬಜೆಯಿಂದಲೇ ತೊಂದರೆ ಆಗಿದ್ದರೂ ಬಜೆಯ ಲೆಕ್ಕಕ್ಕೆ ಅದು ಬರೋದೇ ಇಲ್ಲ. ನಿಮ್ಮ ಅತ್ತೆ ಸುಳ್ಳು ಹೇಳ್ತಿಲ್ಲ. ಅವರು ಕಂಡಿದ್ದನ್ನೇ ಹೇಳ್ತಿದ್ದಾರೆ, ಆದರೆ ಕಂಡಿದ್ದಕ್ಕೆ ಕೊಟ್ಟ ಕಾರಣ ಬೇರೆ.

ಇನ್ನೊಂದು ವಿಷಯ ಅವರಿಗೆ ಹೇಳಿ. ಮಕ್ಕಳಿಗೆ ನೆಕ್ಕಿಸುವ ಔಷಧಿಗಳ ಬಗ್ಗೆ ಕಾಶ್ಯಪ ಸಂಹಿತೆ ಅನ್ನೋ ಮಕ್ಕಳ ಚಿಕಿತ್ಸೆಯ ಹಳೇ ಆಯುರ್ವೇದ ಗ್ರಂಥದಲ್ಲಿ ಒಂದು ಅಧ್ಯಾಯವೇ ಇದೆ. ಅಲ್ಲಿ ಯಾವ ಮಗುವಿಗೆ ಕೊಡಬೇಕು ಅನ್ನುವಷ್ಟೇ ಗಟ್ಟಿಯಾಗಿ ಯಾವ ಮಗುವಿಗೆ ಕೊಡಬಾರದು ಅಂತಲೂ ಬರೆದಿದೆ. ತಾಯಿಗೆ ಹಾಲಿಲ್ಲದ, ಹಾಲು ಸಾಲದ ಮಕ್ಕಳು ಕೊಡುವ ಪಟ್ಟಿಯಲ್ಲಿದ್ದಾರೆ. ಜ್ವರ, ಭೇದಿ ಇರುವ ಮಕ್ಕಳು ಕೊಡಬಾರದ ಪಟ್ಟಿಯಲ್ಲಿದ್ದಾರೆ. ಹುಟ್ಟಿದ ಮಗುವಿಗೆ ಔಷಧಿಯ ಅಳತೆ ಒಂದು ವಾಯುವಿಡಂಗದ ಕಾಳಿನಷ್ಟು, ಅಂದರೆ ಮೆಣಸಿಗಿಂತ ಚಿಕ್ಕದು. ಎಲ್ಲ ಮಕ್ಕಳಿಗೂ ದಿನಾ ಒಂದು ಬಟ್ಟಲು ಅಂತ ಹಳಬರ ಶಾಸ್ತ್ರ ಹೇಳಲ್ಲ. ನಿಮ್ಮ ಎದೆಹಾಲು ಚೆನ್ನಾಗಿದೆ, ಮಗು ತೂಕ ಏರ್ತಿದೆ ಅಂದರೆ ಆ ಶಾಸ್ತ್ರ ಹಿಡಿದು ನೋಡಿದರೂ ಇದರ ಅಗತ್ಯ ಇಲ್ಲ.

ಜಾಯಿಕಾಯಿ ಮಾತು ಇಲ್ಲಿಗೇ ಮುಗಿಸ್ತೀನಿ. ಅದು ನಿದ್ದೆ ಬರಿಸುತ್ತೆ, ಅದಕ್ಕೇ ಅದನ್ನು ಕೊಡೋದು. ನಿದ್ದೆ ಬರಿಸುವಂಥದ್ದು ಹಸುಗೂಸಿನ ಉಸಿರಾಟಕ್ಕೂ ತೊಂದರೆ ಕೊಡಬಹುದು. ಮಗು ರಾತ್ರಿ ಅಳ್ತಾ ಇದ್ದರೆ ಯಾಕೆ ಅಂತ ನೋಡಬೇಕು, ಮಲಗಿಸಿಬಿಡೋದು ದಾರಿಯಲ್ಲ.

ಅತ್ತೆಯನ್ನು ಎದುರು ಹಾಕಿಕೊಳ್ಳಬೇಡಿ. ಎಣ್ಣೆ ಹಚ್ಚಿ ನೀರು ಹಾಕೋದು, ಹೊಟ್ಟೆ ಉಬ್ಬರಿಸಿದಾಗ ಬಜೆಯನ್ನು ಹರಳೆಣ್ಣೆ ದೀಪದಲ್ಲಿ ಸುಟ್ಟು, ಆ ಕರಿಯನ್ನು ಎಣ್ಣೆಯಲ್ಲಿ ಕಲಸಿ ಹೊಕ್ಕುಳ ಸುತ್ತ ತೆಳ್ಳಗೆ ಸವರೋದು, ಇವೆಲ್ಲ ಅವರ ಕೈಯಲ್ಲೇ ಇರಲಿ. ಹೊಕ್ಕುಳ ಪೂರ್ತಿ ಒಣಗಿರಬೇಕು ಅಷ್ಟೇ, ಹಸಿ ಗಾಯದ ಮೇಲೆ ಏನೂ ತಾಗಬಾರದು. ಹಚ್ಚಿದ ಕೈ ಮಗುವಿನ ಬಾಯಿ, ಕಣ್ಣಿಗೆ ಹೋಗದ ಹಾಗೆ ನೋಡಿಕೊಳ್ಳಿ. ಬಿಸಿ ಕೈ ಹೊಟ್ಟೆ ಮೇಲೆ ಆಡಿಸಿದಾಗಲೇ ಅರ್ಧ ವಾಯು ಇಳಿದಿರುತ್ತೆ.

ಅಮ್ಮ ಬಜೆ ತೇಯ್ದು ಹಾಕಿದ ಅರ್ಧ ಗಂಟೆಗೆ ಮೂರು ತಿಂಗಳ ಮಗಳು ಎರಡು ಮೂರು ಸಲ ವಾಂತಿ ಮಾಡಿ, ಆಮೇಲೆ ಬಹಳ ಹೊತ್ತು ಮಲಗಿಬಿಟ್ಟಳು. ಈಗ ಚೆನ್ನಾಗಿದ್ದಾಳೆ, ಹಾಲು ಕುಡೀತಿದ್ದಾಳೆ. ಒಳಗೆ ಏನಾದರೂ ಆಗಿರುತ್ತಾ? — ಹಾಸನ

ಹಾಲು ಕುಡೀತಿದ್ದಾಳೆ, ಮೂತ್ರ ಎಂದಿನ ಹಾಗೆ ಹೋಗ್ತಿದೆ, ಎದ್ದಾಗ ಮುಖ ನೋಡಿ ನಗ್ತಿದ್ದಾಳೆ ಅಂದರೆ ಹೆದರಬೇಡಿ. ಮುಂದಿನ ಲಸಿಕೆಗೆ ಹೋದಾಗ ಡಾಕ್ಟರಿಗೆ ಈ ವಿಷಯ ಮುಚ್ಚಿಡದೆ ಹೇಳಿ. ಇನ್ನು ಮೇಲೆ ಕೊಡಬೇಡಿ.

ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೀತೀನಿ. ಇಂಥ ಹೊತ್ತಿನಲ್ಲಿ ಮನೆಯಲ್ಲಿ ಬಂದವರೆಲ್ಲ ಒಂದೊಂದು ಹೇಳ್ತಾರೆ, ಉಪ್ಪುನೀರು ಕುಡಿಸಿ ಅಂತಾರೆ, ಗಂಟಲಿಗೆ ಬೆರಳು ಹಾಕಿ ಪೂರ್ತಿ ಕಕ್ಕಿಸಿ ಅಂತಾರೆ, ಜೇನು ನೆಕ್ಕಿಸಿ ಅಂತಾರೆ. ಯಾವುದೂ ಮಾಡಬೇಡಿ. ಮಗುವನ್ನು ಒಂದು ಮಗ್ಗುಲಿಗೆ ಹಿಡಿದುಕೊಳ್ಳಿ, ವಾಂತಿ ಉಸಿರಿನ ನಾಳಕ್ಕೆ ಹೋಗಬಾರದು. ಪೂರ್ತಿ ಎಚ್ಚರ ಇದ್ದರೆ ಮಾತ್ರ ಹಾಲು ಕೊಡಿ. ವಾಂತಿ ನಿಲ್ಲದಿದ್ದರೆ, ಎಬ್ಬಿಸಿದರೂ ಏಳದೆ ತೂಕಡಿಸ್ತಿದ್ದರೆ, ಹಾಲು ಬಿಟ್ಟರೆ, ಉಸಿರು ಬೇರೆ ಥರ ಕಂಡರೆ, ಕೈಕಾಲು ಸೆಟೆದುಕೊಂಡರೆ, ಆರೇಳು ಗಂಟೆ ಮೂತ್ರ ಹೋಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೋಗುವಾಗ ತೇಯ್ದ ಬೇರುಗಳನ್ನೆಲ್ಲ ಒಂದು ಪೊಟ್ಟಣ ಕಟ್ಟಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಬೈತಾರೆ ಅಂತ "ಏನೂ ಕೊಟ್ಟಿಲ್ಲ" ಅನ್ನೋರು ಬಹಳ ಜನ. ಆ ಒಂದು ಸುಳ್ಳಿನಿಂದ ಡಾಕ್ಟರು ಬೇರೆ ಕಾಯಿಲೆ ಹುಡುಕ್ತಾ ಕೂರ್ತಾರೆ, ಮಗುವಿನ ಹೊತ್ತು ಹೋಗುತ್ತೆ.

ಮಗನಿಗೆ ಎರಡು ವರ್ಷ ತುಂಬಿತು, ಇನ್ನೂ "ಅಮ್ಮ" ಅಂತಲೂ ಸರಿಯಾಗಿ ಅನ್ನಲ್ಲ. ನಾಲಿಗೆ ದಪ್ಪ ಇದೆ, ಜೇನಿನಲ್ಲಿ ಬಜೆ ತೇಯ್ದು ದಿನಾ ನಾಲಿಗೆಗೆ ತಿಕ್ಕಿದರೆ ಮಾತು ಬರುತ್ತೆ ಅಂತ ಊರಲ್ಲಿ ಹೇಳ್ತಾರೆ. ಎಷ್ಟು ದಿನ ಹಾಕಬೇಕು? — ಚಳ್ಳಕೆರೆ

ಈ ಪತ್ರ ಓದಿ ನನಗೆ ತುಂಬ ಕಳವಳ ಆಯಿತು. ದಯವಿಟ್ಟು ಈ ಉತ್ತರವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

ಬಜೆ ನಾಲಿಗೆಗೆ ತಾಗಿದರೆ ಖಾರಕ್ಕೆ ಜೊಲ್ಲು ಬರುತ್ತೆ, ಮಗು ನಾಲಿಗೆ ಆಡಿಸುತ್ತೆ, ಮುಖ ಕಿವುಚುತ್ತೆ. ಅದನ್ನು ನೋಡಿ ನಾಲಿಗೆ ತಿರುಗಲು ಶುರುವಾಯಿತು ಅಂತ ಅನ್ನಿಸೋದು ಸಹಜ. ಆದರೆ ಮಾತು ಹುಟ್ಟೋದು ನಾಲಿಗೆಯಲ್ಲಲ್ಲ. ಮಗು ಮೊದಲು ಕೇಳಬೇಕು, ಕೇಳಿದ್ದನ್ನು ಮೆದುಳು ಹಿಡಿದಿಡಬೇಕು, ಆಮೇಲೆ ಬಾಯಿ. ಎರಡು ವರ್ಷಕ್ಕೆ ಮಾತಿಲ್ಲ ಅಂದರೆ ಮೊದಲು ನೋಡಬೇಕಾದ್ದು ಕಿವಿ.

"ಕಿವಿ ಕೇಳುತ್ತೆ, ತಟ್ಟೆ ಬಡಿದರೆ ತಿರುಗ್ತಾನೆ" ಅಂತೀರೇನೋ. ತಟ್ಟೆ ಸದ್ದಿಗೆ, ಬಾಗಿಲ ಸದ್ದಿಗೆ ತಿರುಗೋ ಎಷ್ಟೋ ಮಕ್ಕಳಿಗೆ ಮಾತಿನ ಸಣ್ಣ ಸದ್ದುಗಳು ಕೇಳಲ್ಲ. "ಸ", "ಫ", "ತ" ತರಹದ್ದು ಕೇಳದಿದ್ದರೆ ಆ ಮಗುವಿಗೆ ನಮ್ಮ ಮಾತು ಅರ್ಧಂಬರ್ಧ ಗೊಣಗಿದ ಹಾಗೆ ಕೇಳುತ್ತೆ. ಕೆಲವು ಸಲ ಮಗು ಸದ್ದಿಗಲ್ಲ, ನೆಲದ ಅದುರಿಗೆ, ನಿಮ್ಮ ನೆರಳಿಗೆ ತಿರುಗಿರುತ್ತೆ. ಮನೆಯಲ್ಲಿ ಇದು ಗೊತ್ತಾಗಲ್ಲ. ಯಂತ್ರ ಇಟ್ಟೇ ನೋಡಬೇಕು. ನೋವಿಲ್ಲದ ಪರೀಕ್ಷೆ, ಮಗು ಮಲಗಿದ್ದಾಗಲೇ ಮಾಡ್ತಾರೆ.

ವರ್ಷ ತುಂಬೋ ಹೊತ್ತಿಗೆ "ಬಾಬಾ, ದಾದಾ" ಅಂತ ತೊದಲಬೇಕು, ಬೆರಳು ಮಾಡಿ ತೋರಿಸಬೇಕು. ಒಂದೂಕಾಲು, ಒಂದೂವರೆ ವರ್ಷಕ್ಕೆ ಅರ್ಥ ಇರುವ ಒಂದೆರಡು ಪದ ಬರಬೇಕು. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಕೊಡು" ಅಂತ ಎರಡು ಪದ ಸೇರಿಸಬೇಕು. ನಿಮ್ಮ ಮಗ ಇದರಲ್ಲಿ ಹಿಂದೆ ಇದ್ದಾನೆ. "ಗಂಡುಮಕ್ಕಳಿಗೆ ಮಾತು ತಡ", "ಅವರಪ್ಪನಿಗೂ ಮೂರು ವರ್ಷಕ್ಕೇ ಬಂದದ್ದು" ಅಂತ ಕಾಯಬೇಡಿ. ಕಿವಿ ಚೆನ್ನಾಗಿದ್ದರೆ ಒಳ್ಳೇದೇ ಆಯಿತು, ಆಗ ಬೇರೆ ಕಾರಣ ನೋಡ್ತಾರೆ. ಹೆಸರು ಕರೆದರೆ ಕಣ್ಣು ಕೊಟ್ಟು ನೋಡ್ತಾನಾ, ಬೇರೆ ಮಕ್ಕಳ ಜೊತೆ ಬೆರೀತಾನಾ, ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ಮುಂದೆ ಇರ್ತಾನೆ, ಇದನ್ನೆಲ್ಲ ಕೇಳ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ.

ಎಲ್ಲಿ ಹೋಗೋದು? ಮೊದಲು ನಿಮ್ಮ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿಯಲ್ಲಿ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ, ಅದರ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತೆ. ಕಿವುಡು, ಮಾತು ತಡ ಎರಡೂ ಅದರ ಪಟ್ಟಿಯಲ್ಲಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಡಿ.ಇ.ಐ.ಸಿ., ಅಂದರೆ ಮಕ್ಕಳ ಇಂಥ ತೊಂದರೆಗಳಿಗೆ ಬೇಗ ಚಿಕಿತ್ಸೆ ಶುರು ಮಾಡುವ ಕೇಂದ್ರ, ಎಲ್ಲಿದೆ ಅಂತ ವಿಚಾರಿಸಿ. ಮೈಸೂರಿಗೆ ಹೋಗಲು ಆಗೋದಾದರೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1966ರಿಂದ ಇದೇ ಕೆಲಸ ಮಾಡ್ತಿದೆ, ಕೇಂದ್ರ ಸರ್ಕಾರದ್ದು. ಕನ್ನಡದಲ್ಲೇ ಮಗುವಿನ ಮಾತು ಪರೀಕ್ಷೆ ಮಾಡ್ತಾರೆ, ತಾಯಿ ಮನೆಯಲ್ಲಿ ಏನು ಮಾಡಬೇಕು ಅಂತ ಕಲಿಸ್ತಾರೆ. ನಮ್ಮ ರಾಜ್ಯದಲ್ಲಿ ಇಂಥ ಜಾಗ ಇರೋದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ ಅನ್ನೋದು ನನಗೆ ಯಾವಾಗಲೂ ನೋವು.

ಕಿವುಡು ಇರೋ ಮಗುವಿಗೆ ಹುಟ್ಟಿ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳಿಗೆ ಖಚಿತ, ಆರು ತಿಂಗಳಿಗೆ ಚಿಕಿತ್ಸೆ ಶುರು ಆಗಬೇಕು ಅಂತಾರೆ. ಮೆದುಳು ಮಾತು ಕಲಿಯೋ ವಯಸ್ಸು ಕಾಯೋದಿಲ್ಲ. ಬಜೆ ತಿಕ್ಕುತ್ತಾ ಆರು ತಿಂಗಳು ಕಳೆದರೆ ನಾಲಿಗೆ ಉರಿಯೋದು, ದಿನಾ ಬಜೆ ಹೊಟ್ಟೆಗೆ ಹೋಗೋದು ಇದ್ದೇ ಇದೆ, ಅದಕ್ಕೇ ತಿಕ್ಕಬೇಡಿ. ಆದರೆ ಆ ಆರು ತಿಂಗಳು ವಾಪಸ್ ಬರಲ್ಲ, ಅದಕ್ಕಿಂತ ದೊಡ್ಡ ವಿಷಯ ಅದು. ಈ ವಾರವೇ ಹೊರಡಿ. ಜೇನಿನ ಬಗ್ಗೆ ಒಂದು ಮಾತು. ನಿಮ್ಮ ಮಗನಿಗೆ ಎರಡು ವರ್ಷ, ಅವನಿಗೆ ಪರವಾಗಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಹನಿಯೂ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಲ್ಲಿ ಬೆಳೆದು ನರಗಳನ್ನು ಸೋಲಿಸುತ್ತೆ.

ನ್ಯೂಜೆರ್ಸಿಯಲ್ಲಿದ್ದೇವೆ. ಮಗುವಿಗೆ ಊರಿಂದ ಅಮ್ಮ ಬಜೆ ಮಣಿ ಪೋಣಿಸಿದ ಬಳೆ ಕಳಿಸಿದ್ದಾರೆ. ಇಲ್ಲಿನ ಡಾಕ್ಟರು ಅದೇನು ಅಂತ ಕೇಳಿ, ತೆಗೆಯಿರಿ ಅಂದರು. ಅಮೆರಿಕದಲ್ಲಿ ಬಜೆ ನಿಷೇಧ ಅಂತೆ, ಹೌದಾ? ಕ್ಯಾನ್ಸರ್ ಬರುತ್ತಾ?

ಹೌದು, ಅಲ್ಲಿ 1968ರಿಂದ ಬಜೆ, ಬಜೆ ಎಣ್ಣೆ, ಅದರ ಸಾರ ಯಾವುದನ್ನೂ ತಿನ್ನುವ ಪದಾರ್ಥದಲ್ಲಿ ಹಾಕುವ ಹಾಗಿಲ್ಲ. ಬಜೆ ಎಣ್ಣೆಯಲ್ಲಿ ಬೀಟಾ ಆಸರೋನ್ ಅನ್ನೋ ಅಂಶ ಇದೆ. ಇಲಿಗಳಿಗೆ ಈ ಎಣ್ಣೆಯನ್ನು ಬಹಳ ಕಾಲ ಆಹಾರದಲ್ಲಿ ಬೆರೆಸಿ ಹಾಕಿದಾಗ ಸಣ್ಣ ಕರುಳಲ್ಲಿ ಗಡ್ಡೆಗಳಾದವು. ಆ ಪ್ರಯೋಗದಲ್ಲಿ ಬಳಸಿದ ಎಣ್ಣೆ ನಮ್ಮ ಜಮ್ಮುವಿನ ಬಜೆಯದ್ದೇ.

ಇದನ್ನು ಓದಿ ಚಿಕ್ಕಂದಿನಲ್ಲಿ ಬಜೆ ನೆಕ್ಕಿದ ನಮಗೆಲ್ಲ ಕ್ಯಾನ್ಸರ್ ಬರುತ್ತೆ ಅಂತ ತಿಳಿಯಬೇಡಿ. ಇಲಿಗೆ ದಿನಾ ಹಾಕಿದ ಎಣ್ಣೆಯ ಪ್ರಮಾಣ ಬೇರೆ, ಮನುಷ್ಯ ನಾಲ್ಕು ದಿನ ನೆಕ್ಕಿದ್ದು ಬೇರೆ. ಆದರೆ ಹೀಗೊಂದು ಅನುಮಾನ ಇರುವ ವಸ್ತುವನ್ನು, ಅದೂ ದಿನಾ, ಅದೂ ಲಿವರ್ ಇನ್ನೂ ಬಲಿಯದ ಕೂಸಿಗೆ ಯಾಕೆ ಕೊಡಬೇಕು ಅನ್ನೋದು ನ್ಯಾಯವಾದ ಪ್ರಶ್ನೆ. ಎಲ್ಲ ದೇಶದ ಬಜೆಯೂ ಒಂದೇ ಅಲ್ಲ. ಉತ್ತರ ಅಮೆರಿಕದ ಜೌಗಿನಲ್ಲಿ ತಾನಾಗಿ ಬೆಳೆಯುವ ಬಜೆಯಲ್ಲಿ ಈ ಅಂಶ ಇಲ್ಲ, ಯೂರೋಪಿನದ್ದರಲ್ಲಿ ಕಡಿಮೆ, ನಮ್ಮ ಕಡೆಯ ಬಜೆ ಎಣ್ಣೆಯಲ್ಲಿ ಅದೇ ಬಹುಪಾಲು. "ಪಾಶ್ಚಾತ್ಯರೂ ಬಜೆ ಟೀ ಕುಡೀತಾರೆ" ಅಂತ ಯಾರಾದರೂ ವಾದ ಮಾಡಿದರೆ ಈ ವ್ಯತ್ಯಾಸ ಹೇಳಿ.

ಬಳೆಗೆ ಬರೋಣ. ನಿಮ್ಮ ಡಾಕ್ಟರು ಹೇಳಿದ್ದು ಸರಿ. ಮೂರು ತಿಂಗಳಾದ ಮೇಲೆ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತೆ, ಕೈಯನ್ನಂತೂ ಬಿಡೋದೇ ಇಲ್ಲ. ಬಜೆ ಮಣಿ ಜೊಲ್ಲಿನಲ್ಲಿ ನೆನೆದು ಮೆತ್ತಗಾಗುತ್ತೆ, ದಿನವಿಡೀ ಅದರ ರಸ ಹೊಟ್ಟೆಗೆ. ತೇಯ್ದು ಕೊಟ್ಟರೆ ಒಂದು ಹೊತ್ತು, ಬಳೆಯಾದರೆ ಇಡೀ ದಿನ. ದಾರ ಹರಿದರೆ ಮಣಿ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಬೇರೆ. ಅಮ್ಮನ ಮನಸ್ಸು ನೋಯಬಾರದು ಅಂದರೆ ತೊಟ್ಟಿಲು ಇರುವ ಕೋಣೆಯಲ್ಲಿ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಕಟ್ಟಿ ಫೋಟೋ ಕಳಿಸಿ.

ಪಿಯುಸಿ ಎರಡನೇ ವರ್ಷ. ಜ್ಞಾಪಕ ಶಕ್ತಿಗೆ ಆನ್‌ಲೈನಲ್ಲಿ ಬಜೆ ಪುಡಿ ತರಿಸಿದ್ದೇನೆ. ಮೊದಲಿಂದ ಸಾರಸ್ವತ ಚೂರ್ಣ ತಗೋತಿದ್ದೇನೆ. ಎರಡನ್ನೂ ಹಾಲಿನಲ್ಲಿ ಒಂದೊಂದು ಚಮಚ ಹಾಕಿಕೊಳ್ಳಬಹುದಾ? — ಧಾರವಾಡ

ಬೇಡಪ್ಪ. ಸಾರಸ್ವತ ಚೂರ್ಣದಲ್ಲಿ ಉಳಿದ ಸಾಮಾನುಗಳೆಲ್ಲ ಸೇರಿ ಎಷ್ಟು ತೂಗುತ್ತೋ ಅಷ್ಟು ತೂಕ ಬಜೆ ಒಂದೇ ಇರುತ್ತೆ. ಅಂದರೆ ಅರ್ಧ ಡಬ್ಬಿ ಬಜೆಯನ್ನು ಈಗಾಗಲೇ ತಗೋತಿದ್ದೀಯ. ಅದರ ಮೇಲೆ ಒಂದು ಚಮಚ ಬರೀ ಬಜೆ ಪುಡಿ ಅಂದರೆ ವಾಂತಿ ಮಾಡಿಸುವ ಪ್ರಮಾಣ ಮುಟ್ಟಿದ ಹಾಗೆ. ಪರೀಕ್ಷೆ ದಿನ ಬೆಳಿಗ್ಗೆ ಕುಡಿದರೆ ಹಾಲ್ ಟಿಕೆಟ್ ಹಿಡಿದುಕೊಂಡು ಬಚ್ಚಲಲ್ಲಿ ಇರ್ತೀಯ. ಯೂರೋಪಿನಲ್ಲಿ ಕೆಲವು ಹುಡುಗರು ಅಮಲಿಗೆ ಅಂತ ಈ ಬೇರು ತಿಂದು, ಗಂಟೆಗಟ್ಟಲೆ ವಾಂತಿ ನಿಲ್ಲದೆ ಆಸ್ಪತ್ರೆ ಸೇರಿದ ವರದಿಗಳಿವೆ.

ಬಜೆಗೆ ಮೆದುಳಿನ ಮೇಲೆ ಕೆಲಸ ಇಲ್ಲ ಅಂತ ನಾನು ಹೇಳಲ್ಲ. ಮೇಧ್ಯ, ಅಂದರೆ ಬುದ್ಧಿಗೆ ಒಳ್ಳೇದು, ಅಂತ ಗ್ರಂಥಗಳಲ್ಲಿ ಹೇಳಿದೆ, ಅದರಲ್ಲಿ ಮಂಪರು ತರುವ ಗುಣವೂ ಇದೆ. ಆದರೆ ತಿಂದರೆ ಅಂಕ ಜಾಸ್ತಿ ಬರುತ್ತೆ ಅಂತ ಮನುಷ್ಯರ ಮೇಲೆ ಗಟ್ಟಿಯಾಗಿ ಸಾಬೀತಾಗಿಲ್ಲ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆ ತಗೊಳ್ಳೋರು ಬಜೆಯನ್ನು ತಾವೇ ಶುರು ಮಾಡಲೇಬಾರದು, ಎರಡೂ ಸೇರಿ ಮಂಪರು ಏರಬಹುದು. ಫಿಟ್ಸ್ ಇರುವ ಕೆಲವರು ಬಜೆ ಶುರು ಮಾಡಿ ಇಂಗ್ಲಿಷ್ ಮಾತ್ರೆ ನಿಲ್ಲಿಸಿಬಿಡ್ತಾರೆ. ಅದು ಜೀವಕ್ಕೇ ಅಪಾಯ. ಬಸುರಿಯರಿಗೂ ಬಜೆ ಬೇಡ. ಚೂರ್ಣ ಬೇಕೇ ಬೇಕು ಅನ್ನಿಸಿದರೆ ಒಬ್ಬ ವೈದ್ಯರ ಹತ್ತಿರ ಹೋಗಿ ಪ್ರಮಾಣ ಕೇಳು, ಎಷ್ಟು ದಿನ ಅಂತಲೂ ಕೇಳು. ರಾತ್ರಿ ಎಂಟು ಗಂಟೆ ಹೊತ್ತು ನಿದ್ದೆ ಮಾಡು.

ಹಾಗಾದರೆ ಬಜೆಯನ್ನು ಎಸೆದುಬಿಡಬೇಕಾ? ನಮ್ಮ ಕಾಲದಿಂದ ಮನೆಯಲ್ಲಿ ಇರೋದು. — ಎಪ್ಪತ್ತು ದಾಟಿದ ಅಜ್ಜಿ, ಶಿರಸಿ

ಎಸೆಯಬೇಡಿ ಅಜ್ಜಿ. ಬಜೆಗೆ ಮಾಡಲು ಬೇಕಾದಷ್ಟು ಕೆಲಸ ಇದೆ. ಬೇಳೆಕಾಳು ಡಬ್ಬಿಯಲ್ಲಿ ನಾಲ್ಕು ತುಂಡು ತೆಳ್ಳನೆ ಬಟ್ಟೆಯಲ್ಲಿ ಕಟ್ಟಿ ಇಡಿ, ಹುಳ ಕಡಿಮೆ ಆಗುತ್ತೆ. ಇಲಿಯ ಮೇಲೆ ಪ್ರಯೋಗ ಮಾಡಿದ್ದು ಯಾವ ಅಂಶವೋ ಅದೇ ಅಂಶ ಹುಳು ಮೊಟ್ಟೆ ಇಡದ ಹಾಗೆ ಮಾಡುತ್ತೆ. ಪುಡಿಯನ್ನು ಮಾತ್ರ ಕಾಳಿಗೆ ನೇರ ಬೆರೆಸಬೇಡಿ, ಬಿತ್ತನೆ ಬೀಜವಾದರೆ ಪರವಾಗಿಲ್ಲ. ರೇಷ್ಮೆ ಸೀರೆ, ಕಂಬಳಿ, ಹಳೇ ಪುಸ್ತಕದ ಬೀರುವಿನಲ್ಲೂ ಇಡಬಹುದು. ದನದ ಮೈಯ ಉಣ್ಣೆಗೆ ಬಜೆ ಅರೆದು ಹಚ್ಚೋದು ನಿಮಗೇ ಗೊತ್ತಿರುತ್ತೆ. ದೊಡ್ಡವರಿಗೆ ಗಂಟಲು ಕಟ್ಟಿದಾಗ ಅಕ್ಕಿ ಕಾಳಿನಷ್ಟು ಚೂರು ದವಡೆಯಲ್ಲಿಟ್ಟು, ಖಾರ ಬಿಟ್ಟ ಮೇಲೆ ಉಗುಳೋದು ಹಾಡುವವರಲ್ಲಿ ಇರುವ ರೂಢಿ. ಒಂದೆರಡು ದಿನ ಮಾಡಿದರೆ ತೊಂದರೆ ಇಲ್ಲ, ದಿನಾ ಅಭ್ಯಾಸ ಬೇಡ. ತಲೆಯ ಹೇನಿಗೆ ದೊಡ್ಡ ಮಕ್ಕಳಿಗೆ ಹಚ್ಚೋದಾದರೆ ಕಣ್ಣು ಜೋಪಾನ, ತಲೆಯಲ್ಲಿ ಗಾಯ ಇದ್ದರೆ ಬೇಡ.

ಮೊಮ್ಮಗುವಿಗೆ ಮಾತ್ರ ಬೇಡ ಅಜ್ಜಿ. ನಿಮ್ಮ ಕೈಯ ಎಣ್ಣೆ ನೀರು ಸಾಕು.

ನಮ್ಮದು ಕೊರಟಗೆರೆ ಕಡೆ, ಗದ್ದೆಯಲ್ಲಿ ಬಜೆ ಬೆಳೀತೀವಿ. ನೀವು ಹೀಗೆ ಬರೆದರೆ ನಮ್ಮ ಬೆಳೆ ಯಾರು ಕೊಳ್ಳುತ್ತಾರೆ? ಬಜೆ ಗದ್ದೆಯಲ್ಲಿ ಕೆಲಸ ಮಾಡೋದ್ರಿಂದ ನಮಗೇನಾದರೂ ಆಗುತ್ತಾ?

ಅಣ್ಣ, ನಿಮ್ಮ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ, ಮೇಲಿನದ್ದೆಲ್ಲ ಓದಿ ಆಮೇಲೆ ಇದಕ್ಕೆ ಬರಲಿ ಅಂತ. ಔಷಧಿ ಕಂಪನಿಗಳು ಕೊಳ್ಳೋ ಬಜೆ, ಎಣ್ಣೆ ತೆಗೆಯಲು ಹೋಗೋ ಬಜೆ, ಧೂಪಕ್ಕೆ, ಕೀಟನಾಶಕಕ್ಕೆ ಹೋಗೋ ಬಜೆ, ಇವೆಲ್ಲದರ ಮುಂದೆ ಮನೆಯಲ್ಲಿ ಕೂಸಿಗೆ ತೇಯೋ ಬಜೆ ಎಷ್ಟು ಮಹಾ? ವರ್ಷಕ್ಕೆ ಒಂದು ಬೆರಳುದ್ದದ ತುಂಡು ಸವೆಯಲ್ಲ. ಅದು ನಿಂತರೆ ನಿಮ್ಮ ಬೆಳೆಗೆ ಏನೂ ಆಗಲ್ಲ.

ಭತ್ತದ ಹಾಗೆ ನೀರು ನಿಲ್ಲಿಸಿ, ಗೆಡ್ಡೆ ತುಂಡು ನಾಟಿ, ವರ್ಷದ ಹತ್ತಿರ ಕಾದು, ಕೆಸರಿನಿಂದ ಕಿತ್ತು ತೊಳೆದು ಒಣಗಿಸುವ ಕಷ್ಟ ನೋಡಿದವರಿಗೇ ಗೊತ್ತು. ಒಣಗಿದ ಮೇಲೆ ಗೋಣಿಚೀಲದಲ್ಲಿ ತಿಕ್ಕಿ ನಾರುಬೇರು ತೆಗೆಯುತ್ತೀರಲ್ಲ, ನಿಮ್ಮ ಆರೋಗ್ಯಕ್ಕೆ ನೋಡಿಕೊಳ್ಳಬೇಕಾದ್ದು ಆ ಹೊತ್ತಿನಲ್ಲಿ. ಆ ಧೂಳು ಗಂಟಲು, ಕಣ್ಣು, ಚರ್ಮಕ್ಕೆ ಉರಿ ತರುತ್ತೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಗಾಳಿಗೆ ಬೆನ್ನು ಮಾಡಿ ತಿಕ್ಕಿ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಬಸುರಿ ಹೆಂಗಸರನ್ನು ಆ ಕೆಲಸಕ್ಕೆ ಕೂರಿಸಬೇಡಿ, ತೊಟ್ಟಿಲ ಮಕ್ಕಳನ್ನು ಕಣದ ಹತ್ತಿರ ಮಲಗಿಸಬೇಡಿ. ಗದ್ದೆಗೆ ಇಳಿದು ಕಳೆ ಕೀಳೋದ್ರಿಂದ ಭಯ ಏನಿಲ್ಲ.

ಒಂದು ಸಹಾಯ ಕೇಳ್ತೀನಿ. ಪೂರ್ತಿ ಒಣಗದ ಗೆಡ್ಡೆಯನ್ನು ಚೀಲಕ್ಕೆ ತುಂಬಬೇಡಿ. ಗ್ರಂಥಿಗೆ ಅಂಗಡಿಯಲ್ಲಿ ಒಳಗೆಲ್ಲ ಬೂಸ್ಟು ಹಿಡಿದ ಬಜೆ ಎಷ್ಟೋ ಸಲ ಕಂಡಿದ್ದೇನೆ, ಮುರಿದರೆ ವಾಸನೆಯಲ್ಲೇ ಗೊತ್ತಾಗುತ್ತೆ. ಮುರಿದಾಗ ಪಟ್ ಅಂತ ಸದ್ದು ಬರಬೇಕು, ಒಳಗೆ ಬಿಳಿ ಕಂದು ಬಣ್ಣ ಇರಬೇಕು, ಘಮ ಮೂಗಿಗೆ ಹೊಡೀಬೇಕು. ಅಂಥ ಬಜೆಗೆ ಕಂಪನಿಯವರು ಬೆಲೆಯನ್ನೂ ಚೆನ್ನಾಗಿ ಕೊಡ್ತಾರೆ, ಒಳ್ಳೇ ಬಜೆ ಸಿಕ್ಕರೆ ನಮ್ಮಂಥ ವೈದ್ಯರಿಗೂ ಔಷಧಿಯ ಮೇಲೆ ಧೈರ್ಯ ಇರುತ್ತೆ.